ಆರನೆಯ ಲೋಟ

ಐದು ಲೋಟಗಳು ಕಾಗದ ಸುತ್ತಿಕೊಂಡು ಎರಡು ತಿಂಗಳಿಂದ ಕೌಂಟರಿನ ಮೇಲೆ ಕೂತಿದ್ದವು. ಆರನೆಯದು ಮಾತ್ರ ಆಗುತ್ತಲೇ ಇರಲಿಲ್ಲ.

ಖಾಲಿ ಸೋಡಾ ಬಾಟಲಿಯ ಕುತ್ತಿಗೆ ಕತ್ತರಿಸಿ, ಅಂಚು ಉಜ್ಜಿ, ಲೋಟ ಮಾಡಿಕೊಡುವುದರಲ್ಲಿ ಗಾಜಿನಂಗಡಿಯವನದು ಪಳಗಿದ ಕೈ. ಆದರೂ ಆರು ಲೋಟ ಬೇಕೆಂದಿದ್ದ ಎದುರು ಸಾಲಿನ ಟೈಲರ್ ಹುಡುಗಿ ಶನಿವಾರ ಬಂದಾಗಲೆಲ್ಲ, ಅವಳ ಹಿಂದಿನ ವಾರದ ಬಾಟಲಿ ಬಿರುಕು ಬಿಟ್ಟಿತೆಂದು ಮುಖ ಸಪ್ಪೆ ಮಾಡುತ್ತಿದ್ದ. ಅವಳು ಹುಬ್ಬೇರಿಸಿ, ತುಟಿಯಂಚಿನಲ್ಲೇ ನಗು ಅದುಮಿ, ಇನ್ನೊಂದು ಬಾಟಲಿ ಇಟ್ಟು ಹೋಗುತ್ತಿದ್ದಳು. ಲೋಟ ಆರಾದರೆ ಅವಳು ಬರುವುದು ನಿಲ್ಲುತ್ತದಲ್ಲ. ಪಾಪ, ಅವನ ಸಂಕಟ ಅದು. ಬಾಯಿಬಿಟ್ಟು ಹೇಳುವಷ್ಟು ಧೈರ್ಯವಿರಲಿಲ್ಲ.

ಈ ಶನಿವಾರ ಅವಳು ಬರಿಗೈಯಲ್ಲಿ ಬಂದಳು. ಭಾವ ಬೇರೆ ಊರಿನ ದೊಡ್ಡ ಹೊಲಿಗೆ ಅಂಗಡಿಯಲ್ಲಿ ಕೆಲಸ ನೋಡಿದ್ದಾರಂತೆ, ಸಂಜೆಯೊಳಗೆ ಹೂಂ ಅಥವಾ ಊಹೂಂ ಹೇಳಬೇಕಂತೆ. ಐದೇ ಸಾಕು, ಕಟ್ಟಿಕೊಡಿ ಅಂದಳು. ಕಟ್ಟಲು ದಾರ ಒಳಗಿದೆ ಎಂದು ಅವನು ತಡವರಿಸಿದ್ದೇ ತಪ್ಪಾಯಿತು. ಅವಳೇ ಒಳಕೋಣೆಗೆ ಹೋದಳು.

ಕಿಟಕಿಯ ಪಕ್ಕದ ಹಲಗೆಯ ಮೇಲೆ ಅವಳ ಎಂಟೂ ಬಾಟಲಿಗಳು ಲೋಟವಾಗಿ ಸಾಲಾಗಿ ನಿಂತಿದ್ದವು. ಒಂದರಲ್ಲಿ ಹಲ್ಲುಜ್ಜುವ ಬ್ರಷ್, ಒಂದರಲ್ಲಿ ಪೆನ್ಸಿಲ್, ಒಂದರಲ್ಲಿ ಮೊಳೆ, ಒಂದರಲ್ಲಿ ದಾರದುಂಡೆ, ಇನ್ನೊಂದರಲ್ಲಿ ಎರಡೆಲೆ ಬಿಟ್ಟ ಬಳ್ಳಿ. ಕೊನೆಯದರಲ್ಲಿ ಅರ್ಧ ಕುಡಿದ ಚಹಾ. ಯಾವುದಕ್ಕೂ ಕೂದಲೆಳೆಯಷ್ಟು ಬಿರುಕಿರಲಿಲ್ಲ.

ಹಿಂದೆಯೇ ಬಂದು ಬಾಗಿಲಲ್ಲಿ ನಿಂತವನಿಗೆ ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು.

“ನಂಗೆ ಈ ಸೋಡಾ ಕಂಡರೇ ಆಗಲ್ಲ,” ಅಂದಳು ಅವಳು, ತಿರುಗದೆ. “ಎರಡು ತಿಂಗಳಿಂದ ಅಕ್ಕನಿಗೇ ಕುಡಿಸ್ತಿದ್ದೀನಿ. ತೇಗಿ ತೇಗಿ ಸುಸ್ತಾಗಿದ್ದಾಳೆ.”

ಅವಳು ಈಗ ಅವನತ್ತ ತಿರುಗಿದಳು.

“ಈಗ ಹೇಳಿ. ಆರನೇದು ಯಾವಾಗ ಮುಗಿಯುತ್ತೆ?”

“ಮುಗಿಸೋಕೆ ಮನಸ್ಸಿಲ್ಲ,” ಅಂದ ಅವನು. “ನೀವು ಹೋಗಬೇಡಿ. ನೀವಂದ್ರೆ ನಂಗೆ ತುಂಬಾ ಇಷ್ಟ.”

ಅವಳು ಕೌಂಟರಿಗೆ ಹೋದಳು. ಐದೂ ಲೋಟಗಳ ಕಾಗದ ಬಿಚ್ಚಿದಳು, ಮೂರನ್ನು ತಂದು ಆ ಎಂಟರ ಪಕ್ಕ ಜೋಡಿಸಿದಳು. ಉಳಿದೆರಡನ್ನು ಅವನ ಕೈಗಿತ್ತಳು. ಅಷ್ಟು ಹತ್ತಿರದಿಂದ ಅವಳು ಅವನ ಮುಖ ನೋಡಿದ್ದು ಅದೇ ಮೊದಲು.

“ತೊಳೆದು ಚಹಾ ಹಾಕಿ,” ಅಂದಳು. “ಕುಡಿದು ಭಾವಂಗೆ ಊಹೂಂ ಅಂತ ಫೋನ್ ಮಾಡಬೇಕು.”