ಯಾವ ವಾಕ್?

ಇಬ್ಬರ ನಡುವಿನ ಮಾತನ್ನು ಮೂರನೆಯವರು ಹೇಳುವುದು ತಪ್ಪೇನೋ. ಅದರಲ್ಲೂ ಅವರಿಬ್ಬರೇ ಸರಿಯಾಗಿ ಹೇಳಿಕೊಳ್ಳಲಾಗದೆ ಹೋದ ಮಾತನ್ನು. ನನಗೆ ಹೇಳದೆ ಇರಲಾಗುತ್ತಿಲ್ಲ. ಎಲ್ಲಾದರೂ ಹೆಚ್ಚು ಕಡಿಮೆಯಾಗಿದ್ದರೆ ಓದುವವರು ಹೊಟ್ಟೆಗೆ ಹಾಕಿಕೊಳ್ಳಬೇಕು.

ಸಿನಿಮಾದಲ್ಲಿ ನಾಯಕಿ ನಡೆಯುವಾಗ ಎಷ್ಟೋ ಸಲ ನಮಗೆ ಕೇಳಿಸುವುದು ಅವಳ ಹೆಜ್ಜೆಯಲ್ಲ. ಚಿತ್ರೀಕರಣ ಮುಗಿದ ಮೇಲೆ ಸ್ಟುಡಿಯೊದ ಕೋಣೆಯೊಂದರಲ್ಲಿ ಬೇರೆ ಯಾರೋ ಪರದೆ ನೋಡುತ್ತಾ, ಮೈಕಿನ ಮುಂದೆ ನಿಂತಲ್ಲೇ ಹೆಜ್ಜೆ ಹಾಕಿ ಆ ಸದ್ದನ್ನು ಸೇರಿಸುತ್ತಾರೆ. ಈ ಇಬ್ಬರಲ್ಲಿ ಅವಳದು ಆ ಕೆಲಸ. ನೆಲದ ಮೇಲೆ ಕಲ್ಲು, ಮರಳು, ಮರದ ಹಲಗೆಯ ಚೌಕಗಳು; ಗೋಡೆಗೆ ಯಾರ್ಯಾರೋ ಬಿಟ್ಟುಹೋದ ಹಳೆಯ ಶೂ, ಚಪ್ಪಲಿಗಳ ಸಾಲು. ಸ್ಟುಡಿಯೊದವರೆಲ್ಲ ಅವಳನ್ನು ‘ಹೆಜ್ಜೆ ಮೇಡಂ’ ಎನ್ನುತ್ತಿದ್ದರು. ಗಾಜಿನ ಆಚೆ ಕುಳಿತು ಆ ಸದ್ದನ್ನು ರೆಕಾರ್ಡ್ ಮಾಡುವವನಿಗೆ ‘ಕಿವಿ’ ಎಂದು ಹೆಸರು ಬಿದ್ದಿತ್ತು.

ನಿರ್ದೇಶಕರು ಕಳಿಸುವ ಹಾಳೆಯಲ್ಲಿ ಎಲ್ಲ ನಡಿಗೆಗೂ ಒಂದೇ ಪದ ಇರುತ್ತಿತ್ತು. ವಾಕ್.

“ಯಾವ ವಾಕ್ ರೀ?” ಅವಳು ಮೈಕಿಗೆ ಬಾಗಿ ಕೇಳುತ್ತಿದ್ದಳು. “ನಾಯಿ ಕರ್ಕೊಂಡು ಹೋಗೋದೂ ವಾಕ್, ಊಟ ಅರಗ್ಲಿ ಅಂತ ಸುತ್ತೋದೂ ವಾಕ್, ಜಗಳ ಆಡಿ ಎದ್ದು ಹೋಗೋದೂ ವಾಕ್. ಪಾಪ, ಒಂದು ಪದದ ಕೈಲಿ ಎಷ್ಟು ಚಾಕರಿ ಮಾಡಿಸ್ತಾರೆ.”

“ಇದು ಬಿಟ್ಟು ಹೋಗೋ ವಾಕ್.”

“ಸಿಟ್ಟಲ್ಲೋ, ದುಃಖದಲ್ಲೋ?”

“ಎರಡೂ ಅಲ್ಲ. ಹಿಂದಿನಿಂದ ಯಾರಾದ್ರೂ ಕರೀಲಿ ಅನ್ನೋ ಆಸೇಲಿ.”

ಅವಳು ತಲೆಯೆತ್ತಿ ಗಾಜಿನೊಳಗಿಂದ ಅವನನ್ನೇ ನೋಡಿದಳು. ಕಿವಿಯ ಹಿಂದೆ ಸಿಕ್ಕಿಸಿದ ಕೂದಲು ಜಾರಿತು. ಅವಳು ಅದನ್ನು ಸರಿಮಾಡಲಿಲ್ಲ. “ಹಾಗಾದ್ರೆ ನಿಧಾನಕ್ಕೆ ನಡೀಬೇಕು,” ಎಂದಳು.

ರೆಕಾರ್ಡ್ ಮಾಡಿದ ಟೇಕ್ ಚೆನ್ನಾಗಿ ಬಂದರೆ ಅವನು ದೊಡ್ಡ ಸಾಹೇಬರ ಹಾಗೆ ದನಿ ದಪ್ಪ ಮಾಡಿ, “ಸಾಕು, ಹೋಗ್ಬಹುದು,” ಎನ್ನುತ್ತಿದ್ದ. ಅವಳು ಸಲಾಮು ಹೊಡೆದು ಹೊರಡುತ್ತಿದ್ದಳು. ಅದು ಅವರಿಬ್ಬರ ಆಟ.

“ಸಾವಿರ ಜನ ನಡೀತಿದ್ರೂ ನಿಮ್ಮ ಹೆಜ್ಜೆ ಯಾವುದು ಅಂತ ಹೇಳ್ಬಿಡ್ತೀನಿ,” ಎಂದು ಒಮ್ಮೆ ಜಂಬ ಕೊಚ್ಚಿದ್ದ.

“ಕಿವಿಯವರೇ, ಜಾಸ್ತಿ ಆಯ್ತು,” ಎಂದಿದ್ದಳು. ಆದರೂ ಆ ದಿನವಿಡೀ ಅವಳ ಮುಖದಲ್ಲಿ ನಗು ಇತ್ತು.

ಒಂದು ಮಧ್ಯಾಹ್ನ ಟೀ ಮಷೀನಿನ ಹತ್ತಿರ ಅವಳೇ ಮಾತು ತೆಗೆದಳು. ಅವಳನ್ನು ಸಾಕಿ ಬೆಳೆಸಿದವಳು ಚಿಕ್ಕಮ್ಮ.

“ಚಿಕ್ಕಮ್ಮ ಒಂದು ಸಂಬಂಧ ತಂದಿದ್ದಾಳೆ. ಬೇರೆ ಊರು. ಇವತ್ತು ಮನೆಗೆ ಹೋದ ಕೂಡ್ಲೇ ಹೂಂ ಅಥವಾ ಊಹೂಂ ಹೇಳ್ಬೇಕಂತೆ.”

“ಹುಡುಗ ಹೇಗೆ?”

“ಒಳ್ಳೆಯವರೇ. ದೂರೋದಕ್ಕೆ ಏನಾದ್ರೂ ಸಿಗುತ್ತಾ ಅಂತ ಹುಡುಕ್ದೆ. ಸಿಗ್ಲಿಲ್ಲ.”

“ಏನ್ ಹೇಳ್ತೀರಿ ಮತ್ತೆ?”

“ಏನ್ ಹೇಳ್ಲಿ, ನೀವೇ ಹೇಳಿ.”

“ಸಂಜೆ ಹೊರಡೋ ಮುಂಚೆ ನನ್ನ ರೂಮಿಗೆ ಬನ್ನಿ. ಒಂದು ಮಾತಿದೆ.”

“ಈಗ್ಲೇ ಹೇಳಿದ್ರೆ ಸವೆದು ಹೋಗುತ್ತಾ?”

“ಸರಿಯಾಗಿ ಹೇಳ್ಬೇಕು ರೀ.”

“ಆಗ್ಲಿ. ಎಷ್ಟು ಟೇಕ್ ಬೇಕಾದ್ರೂ ತಗೊಳ್ಳಿ,” ಎಂದು ಅವಳು ಖಾಲಿ ಲೋಟವನ್ನು ಅವನ ಕೈಗಿಟ್ಟು ಹೋದಳು.

ಅವನು ಸಂಜೆಯವರೆಗೂ ಮಾತು ಜೋಡಿಸಿದ. ಉದ್ದದ ಮಾತುಗಳೆಲ್ಲ ನಾಟಕದ ಹಾಗೆ ಕೇಳಿದವು. ಕೊನೆಗೆ ಒಂದೇ ಸಾಲು ಉಳಿಯಿತು: ನನ್ನ ಜೊತೆ ಒಂದು ವಾಕ್ ಬರ್ತೀರಾ? ಅವಳು ‘ಯಾವ ವಾಕ್?’ ಎಂದು ಕೇಳಿಯೇ ಕೇಳುತ್ತಾಳೆ. ಆಗ ಉಳಿದದ್ದನ್ನು ಹೇಳುವುದು.

ಅವನಿಗೆ ಬೇರೆ ಕೆಲಸವಿದ್ದುದರಿಂದ ಆ ಮಧ್ಯಾಹ್ನ ಅವಳ ಹೆಜ್ಜೆಯನ್ನು ರೆಕಾರ್ಡ್ ಮಾಡಿದವಳು ನಿರ್ದೇಶಕರ ಸಹಾಯಕಿ. ದೃಶ್ಯ ಸರಳವಾಗಿತ್ತು. ನಾಯಕಿ ನಾಯಕನ ಬಾಗಿಲವರೆಗೆ ಬರುತ್ತಾಳೆ, ನಿಲ್ಲುತ್ತಾಳೆ, ತಟ್ಟದೆ ಹಿಂದಿರುಗುತ್ತಾಳೆ. ಸಂಜೆ ಅವನು ಅದನ್ನು ಸ್ಪೀಕರಿನಲ್ಲಿ ಹಾಕಿ ಕುಳಿತ. ಏಸಿ ಕೆಟ್ಟಿದ್ದರಿಂದ ಕೋಣೆಯ ದಪ್ಪ ಬಾಗಿಲನ್ನು ಅರ್ಧ ತೆರೆದಿಟ್ಟಿದ್ದ. ಬಾಗಿಲಿಗೆ ಬೆನ್ನು ಮಾಡಿ, ಕಣ್ಣು ಮುಚ್ಚಿ ಕೇಳುವುದು ಅವನ ಅಭ್ಯಾಸ.

ಹೆಜ್ಜೆಗಳು ಬಂದವು. ಹತ್ತಿರ, ಇನ್ನೂ ಹತ್ತಿರ. ನಿಂತವು.

ಆಮೇಲೆ ಮೌನ. ಎಂಥ ಮೌನ ಅದು. ಒಳಗೆ ಯಾರೋ ಉಸಿರು ಹಿಡಿದು ನಿಂತ ಹಾಗಿತ್ತು. ನಂತರ ಹಿಂದಿರುಗುವ ಹೆಜ್ಜೆಗಳು ಕೇಳಿದವು, ಒಂದೊಂದಾಗಿ, ಹಿಂದಿನಿಂದ ಯಾರಾದರೂ ಕರೆಯಲಿ ಎಂಬಷ್ಟು ನಿಧಾನವಾಗಿ. ಇಷ್ಟು ಚೆನ್ನಾಗಿ ಅವಳು ಯಾವತ್ತೂ ನಡೆದಿರಲಿಲ್ಲ. ಅವನ ಬಾಯಿ ತಾನಾಗಿ ಹೇಳಿತು, “ಸಾಕು, ಹೋಗ್ಬಹುದು.”

ಆಮೇಲೆ ಅವನು ಅವಳಿಗಾಗಿ ಕಾದ. ಕಾವಲಿನವನು ಬಂದು ದೀಪ ಆರಿಸುವವರೆಗೂ ಕಾದ.

ಮರುದಿನ ಬೆಳಿಗ್ಗೆ ಸಹಾಯಕಿಗೆ, “ಆ ಹಿಂದಿರುಗೋ ವಾಕ್ ಇದೆಯಲ್ಲ, ಅದನ್ನ ಮುಟ್ಟಬೇಡಿ. ಅಪರೂಪದ್ದು,” ಎಂದ.

ಸಹಾಯಕಿ ಹುಬ್ಬು ಗಂಟಿಕ್ಕಿದಳು. “ಅದೆಲ್ಲಿದೆ? ಬರೋದು ಮಾತ್ರ ಮಾಡಿದ್ದು. ಶೂ ಹಿಮ್ಮಡಿ ಕಿತ್ತುಬಂತು. ಹೋಗೋದನ್ನ ಇವತ್ತು ಮಾಡಿಸ್ಬೇಕು.”

“ನಾನೇ ಕೇಳಿದ್ನಲ್ಲ.”

“ಕೇಳಿಸ್ಕೊಳ್ಳಿ ಇನ್ನೊಂದ್ಸಲ.”

ಅವನು ಹಾಕಿದ. ಹೆಜ್ಜೆಗಳು ಬಂದವು, ನಿಂತವು. ಮುಂದೆ ಏನೂ ಇರಲಿಲ್ಲ.

ಹಿಂದಿನ ಸಂಜೆ ಅವಳು ನಿಜವಾಗಿಯೇ ಅವನ ಬಾಗಿಲವರೆಗೆ ಬಂದಿದ್ದಳು. ಸ್ಪೀಕರಿನೊಳಗಿನ ಅವಳದೇ ಹೆಜ್ಜೆಯ ಸದ್ದಿನಲ್ಲಿ ಅವಳು ಬಂದದ್ದು ಮುಚ್ಚಿಹೋಗಿತ್ತು. ಅವನು ಕೇಳಿದ್ದು ಅವಳು ಹೋದದ್ದನ್ನು ಮಾತ್ರ.

ಹನ್ನೊಂದರ ಹೊತ್ತಿಗೆ ಅವಳು ಉಳಿದ ಕೆಲಸ ಮುಗಿಸಲು ಬಂದಳು. ಅವನು ಗಾಜಿನ ಕೋಣೆ ಬಿಟ್ಟು ಅವಳ ಚೌಕದವರೆಗೆ ಹೋದ.

“ನಿನ್ನೆ ಬಂದಿದ್ರಾ?”

“ಬಂದಿದ್ದೆ.”

“ಅದನ್ನ ನಾನು ಟೇಕ್ ಅಂದ್ಕೊಂಡೆ ರೀ.”

ಅವಳು ನಗಲು ಹೋದಳು. ನಗು ಅರ್ಧಕ್ಕೇ ನಿಂತಿತು. “ಸಾವಿರ ಜನದಲ್ಲಿ ಗುರುತು ಹಿಡಿಯೋರು,” ಎಂದಳು. ಆಮೇಲೆ ಮೆಲ್ಲಗೆ, “ನಿಮ್ಮ ತಪ್ಪಿಲ್ಲ ಬಿಡಿ. ಇಲ್ಲಿ ನಾನು ದಿನಾ ಬೇರೆಯವರ ಶೂ ಹಾಕ್ಕೊಂಡೇ ನಡೆದೆ. ನನ್ನ ಚಪ್ಪಲಿ ಸದ್ದು ನಿಮಗೆ ಗೊತ್ತಾಗೋದಾದ್ರೂ ಹೇಗೆ?”

“ಚಿಕ್ಕಮ್ಮನಿಗೆ…”

“ಹೂಂ ಅಂದೆ. ಆ ಮನೆಯೋರಿಗೂ ಹೇಳಿಯಾಯ್ತು. ಅವರಮ್ಮ ಫೋನಿನಲ್ಲೇ ಮಗಳೇ ಅಂತ ಕರೆದ್ರು. ಇನ್ನು ನಾನು ಹಿಂದೆ ಸರಿಯೋಳಲ್ಲ.” ಅವಳು ಗೋಡೆಯಿಂದ ಒಂದು ಜೊತೆ ಶೂ ತೆಗೆದುಕೊಂಡಳು. “ಆ ಮಾತು ಏನಿತ್ತು? ಅದನ್ನಾದ್ರೂ ಹೇಳಿ. ಬರೀ ಕುತೂಹಲ.”

“ನನ್ನ ಜೊತೆ ಒಂದು ವಾಕ್ ಬರ್ತೀರಾ ಅಂತ ಕೇಳ್ಬೇಕಿತ್ತು.”

“ಯಾವ ವಾಕ್?” ಅಭ್ಯಾಸದ ಪ್ರಶ್ನೆ ಬಾಯಿಂದ ಜಾರಿಬಿಟ್ಟಿತು. ಅವಳ ಕಣ್ಣು ತುಂಬಿತು.

“ವಯಸ್ಸಾದ ಮೇಲೆ ಜನ ಹೋಗ್ತಾರಲ್ಲ, ಒಬ್ಬರು ಇನ್ನೊಬ್ಬರಿಗೋಸ್ಕರ ನಿಧಾನ ಮಾಡ್ಕೊಂಡು. ಅಲ್ಲೀವರೆಗೂ ಹೋಗೋ ವಾಕ್.”

ಅವಳು ಬಹಳ ಹೊತ್ತು ಶೂವಿನ ಲೇಸ್ ಕಟ್ಟಿದಳು. “ಚೆನ್ನಾಗಿ ಜೋಡಿಸಿದೀರಿ,” ಎಂದಳು ತಲೆಯೆತ್ತದೆ. “ಹೋಗಿ, ನಿಮ್ಮ ಜಾಗದಲ್ಲಿ ಕೂತ್ಕೊಳ್ಳಿ. ಕೆಲಸ ಮುಗಿಸೋಣ.”

ಪರದೆಯ ಮೇಲೆ ನಾಯಕಿ ಬಾಗಿಲ ಮುಂದೆ ನಿಂತಿದ್ದಳು. ತಿರುಗಿದಳು. ಚೌಕದ ಕಲ್ಲಿನ ಮೇಲೆ ಅವಳ ಹೆಜ್ಜೆಗಳು ಶುರುವಾದವು. ನಾಯಕಿ ಓಣಿ ದಾಟಿದಳು, ಮರೆಯಾದಳು, ಪರದೆ ಕಪ್ಪಾಯಿತು. ಅವನು ‘ಸಾಕು’ ಎನ್ನಲಿಲ್ಲ. ಅವನು ಹೇಳದೆ ಹೆಜ್ಜೆ ನಿಲ್ಲಿಸುವ ಪದ್ಧತಿ ಅವಳಿಗಿರಲಿಲ್ಲ. ಆದ್ದರಿಂದ ಅವಳು ಆ ಪುಟ್ಟ ಚೌಕದಲ್ಲಿ, ಎಲ್ಲಿಗೂ ಹೋಗದೆ, ನಡೆಯುತ್ತಲೇ ಇದ್ದಳು. ಗಾಜಿನ ಈಚೆ ಅವನು ಕಣ್ಣು ತೆರೆದೇ ಕೇಳುತ್ತಿದ್ದ.

ಕೊನೆಗೆ ಅವಳೇ ನಿಂತಳು. ಶೂ ಬಿಚ್ಚಿ ಗೋಡೆಗೆ ಒರಗಿಸಿಟ್ಟು, ಮೈಕಿಗೆ ಬಾಗಿದಳು.

“ಸಾಕು ಕಣ್ರೀ,” ಎಂದಳು. “ಹೋಗ್ತೀನಿ.”

ಹೊರಗಿನ ಕಾರಿಡಾರಿನ ತುದಿಯವರೆಗೆ ಅವಳ ಚಪ್ಪಲಿಯ ಸದ್ದು ಅವನಿಗೆ ಕೇಳಿಸಿತು. ಎಡಗಾಲು ಸ್ವಲ್ಪ ಉಜ್ಜುತ್ತಿತ್ತು. ಅದು ಅವನಿಗೆ ಆವತ್ತೇ ಗೊತ್ತಾದದ್ದು.

ಹಿಂದಿನ ಸಂಜೆ ಅವನು “ಹೋಗ್ಬಹುದು” ಎಂದದ್ದು ಅವಳ ಕಿವಿಗೆ ಬಿದ್ದಿತ್ತೋ ಇಲ್ಲವೋ, ಅವನು ಕೇಳಲಿಲ್ಲ, ಅವಳು ಹೇಳಲಿಲ್ಲ. ಬಾಗಿಲು ತಟ್ಟದೆ ಅವಳು ತಿರುಗಿದ್ದು ಏಕೆ, ಅದೂ ಗೊತ್ತಿಲ್ಲ. ನನಗೆ ಇಷ್ಟೇ ತಿಳಿದದ್ದು.