ಮಗ್ಗದ ಮೇಲಿನ ಅರ್ಧ ಸೀರೆ

“ಗಟಾರದ ಪಕ್ಕ ನಿಲ್ಲಿ ಮೇಡಂ! ಆ ಒಡೆದ ಗೋಡೆಗೆ ಒರಗಿ!” ಫೋಟೋಗ್ರಾಫರ್ ಹಾಲೇಶ ರೂಪದರ್ಶಿಗೆ ಕೂಗಿ ಹೇಳಿದ.

ಬನಶ್ರೀಗೆ ನಗು ಬಂತು. ಗಜೇಂದ್ರಗಡದಲ್ಲಿ ಚಂದದ ಜಾಗಗಳಿಗೆ ಬರವೇ? ಬೆಂಗಳೂರಿನಿಂದ ಬಂದ ಇವರಿಗೆ ನೇಕಾರ ಓಣಿಯ ಗಟಾರವೇ ಬೇಕಾಯಿತಲ್ಲ!

“ಅಣ್ಣಾರ, ಆ ಗ್ವಾಡಿ ಭಾಳ ಹೊಲಸೈತ್ರಿ!”

“ಅದೇ ಫ್ಯಾಶನ್, ಪುಟ್ಟಿ. ಆದ್ರೆ ಹೆಗಲಿಗೆ ಹೊದಿಸೋಕೆ ಒಂದು ಕೆಂಪು ಬಟ್ಟೆ ಬೇಕಿತ್ತು.”

ಕೆಂಪು! ಬನಶ್ರೀ ಮನೆಗೆ ಓಡಿದಳು. ಮಗ್ಗದ ಮೇಲೆ ಅವ್ವ ನೇಯುತ್ತಿದ್ದ ಕೆಂಪು ಸೀರೆ ಅರ್ಧಕ್ಕೇ ನಿಂತಿತ್ತು. ಅವ್ವ ತೀರಿಕೊಂಡು ಎಂಟು ತಿಂಗಳಾಗಿತ್ತು. ಅಜ್ಜಿ ಹನುಮವ್ವ ದಿನಾ ಅದರ ಧೂಳು ಒರೆಸುತ್ತಿದ್ದಳೇ ಹೊರತು ಒಂದು ಎಳೆಯನ್ನೂ ಮುಂದೆ ನೇಯ್ದಿರಲಿಲ್ಲ.

ಅವ್ವನ ಸೀರೆ ಫೋಟೋದಲ್ಲಿ ಬಂದರೆ ಎಲ್ಲರೂ ನೋಡುತ್ತಾರೆ! ಅಜ್ಜಿ ಸಂತೆಗೆ ಹೋಗಿದ್ದಳು. ಬನಶ್ರೀ ಕತ್ತರಿ ತಂದು ಕರಕರ ಕತ್ತರಿಸಿಯೇ ಬಿಟ್ಟಳು. ಬಿಗಿಯಾಗಿದ್ದ ಎಳೆಗಳು ಮಗ್ಗದ ಸಂದುಗಳಿಂದ ಕಳಚಿ ಹಿಂದಕ್ಕೆ ಜಾರಿದವು. ಅವಳು ತಿರುಗಿ ನೋಡದೆ ಸೀರೆ ಹಿಡಿದು ಹಾಲೇಶನ ಬಳಿ ಓಡಿದಳು.

ಕ್ಯಾಮೆರಾ ಕ್ಲಿಕ್ ಕ್ಲಿಕ್ ಎಂದಿತು. ಆಮೇಲೆ ಹಾಲೇಶ ಫೋಟೋ ತೋರಿಸಿದ. ಮೇಡಂ ಮುಖ ಇತ್ತು, ಗೋಡೆ ಇತ್ತು, ಗಟಾರವೂ ಇತ್ತು. ಮೂಲೆಯಲ್ಲಿ ಮಸುಕಾಗಿ ಒಂದಿಷ್ಟು ಕೆಂಪು.

“ಸೀರಿ ಎಲ್ಲೈತ್ರಿ?”

“ಇಲ್ಲೇ ಇದೆಯಲ್ಲ! ಅಷ್ಟೇ ಸಾಕು,” ಎಂದು ಅವನು ಸೀರೆ ಮಡಚಿ ಕೊಟ್ಟ. ಥ್ಯಾಂಕ್ಸ್ ಕೂಡ ಹೇಳಿದ.

ಮನೆಯಲ್ಲಿ ಅಜ್ಜಿ ಸಂತೆಯ ಚೀಲವನ್ನೂ ಇಳಿಸದೆ ಮಗ್ಗದ ಮುಂದೆ ನಿಂತಿದ್ದಳು.

“ಫೋಟೋದಾಗ ಅವ್ವನ ಸೀರಿ ಬರ್ಲಿ ಅಂತ...” ಬನಶ್ರೀ ಮಡಚಿದ ಸೀರೆಯನ್ನು ಮುಂದೆ ಹಿಡಿದಳು.

“ಸೀರಿ ಮುಗದ್ರೂ ತುದಿಗೆ ಎಳಿ ಉಳಿಸಿ ಕತ್ತರಿಸ್ತೀವಿ, ಬನಿ. ಆ ಎಳಿಗೇ ಹೊಸಾ ಎಳಿ ಗಂಟು ಹಾಕೋದು. ಮಗ್ಗ ಖಾಲಿ ಬಿಡಂಗಿಲ್ಲ.” ಅಜ್ಜಿ ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು. ಬನಶ್ರೀ ಬಿಕ್ಕಿ ಬಿಕ್ಕಿ ಅತ್ತಳು.

ಎಷ್ಟೋ ಹೊತ್ತಿನ ಮೇಲೆ ಅಜ್ಜಿ ಮಗ್ಗದ ಹಿಂದೆ ಹೋಗಿ ಕೂತಳು. “ಹಿಂದ ಉಳದಿದ್ದೂ ನಿಮ್ಮವ್ವ ಸುತ್ತಿದ್ದ ಎಳೀನ. ಮತ್ತ ಮಗ್ಗಕ್ಕ ಪೋಣಿಸಿ ನೇಯೋಣು. ನಾ ಕೊಡ್ತೀನಿ, ನೀ ಆ ಕಡಿಂದ ಎಳಕೋ.”

ಆ ಕಡೆ ಎಂದರೆ ಅವ್ವ ಕೂರುತ್ತಿದ್ದ ಜಾಗ. ಬನಶ್ರೀ ಅಲ್ಲಿ ಕೂತಳು. ಕೆಳಗಿನ ತುಳಿಯುವ ಹಲಗೆಗೆ ಅವಳ ಕಾಲು ನಿಲುಕಲಿಲ್ಲ.

ಬಾಚಣಿಗೆಯಂಥ ಫಣಿಯ ಸಂದಿನಿಂದ ಅಜ್ಜಿ ಒಂದೊಂದೇ ಎಳೆ ದಾಟಿಸಿದಳು. ಒಂದು ಎಳೆ ಕೊಟ್ಟು ಸುಮ್ಮನೆ ಕೂರುತ್ತಿದ್ದಳು. ಮತ್ತೆ ಇನ್ನೊಂದು.

“ಲಗೂ ಕೊಡಬೇ,” ಎನ್ನಲು ಬನಶ್ರೀ ಬಾಯಿ ತೆರೆದವಳು ಸುಮ್ಮನಾದಳು. ಈ ಎಳೆಗಳೂ ನೇಯ್ದು ಮುಗಿದರೆ ಮನೆಯಲ್ಲಿ ಅವ್ವ ಶುರು ಮಾಡಿದ್ದು ಯಾವುದೂ ಉಳಿಯುವುದಿಲ್ಲ.

ಅವಳೂ ನಿಧಾನವಾಗಿ ಎಳೆದುಕೊಂಡಳು.