ಕಿಸೆ ಬಲಕ್ಕೆ ಸರಿದ ಅಂಗಿ

"ನನ್ನ ಗಂಡ ಬೀಡಿ ಮುಟ್ಟೂದ ಇಲ್ರೀ ಅಕ್ಕಾರ. ಆದ್ರ ಫೋಟೋದಾಗ ಹಚ್ಕೊಂಡು ನಿಂತಾನ!"

ಟಿ. ದಾಸರಹಳ್ಳಿಯ ವನಜಾ ಮೇಡಂ ಅವರ ಫೋಟೋ ಎಡಿಟಿಂಗ್ ತರಗತಿಗೆ ಹನುಮವ್ವ ಹೀಗೆ ನುಗ್ಗಿ ಬಂದಾಗ ಹೊಗೆಯ ಪಾಠ ನಡೆಯುತ್ತಿತ್ತು. ಕಪ್ಪು ಹಿನ್ನೆಲೆಯ ಹೊಗೆಯನ್ನು ಇನ್ನೊಂದು ಚಿತ್ರದ ಮೇಲಿಟ್ಟು 'ಸ್ಕ್ರೀನ್' ಒತ್ತಿದರೆ ಕಪ್ಪು ಮಾಯವಾಗಿ ಹೊಗೆಯಷ್ಟೇ ಉಳಿಯುತ್ತದೆ. ನಾನು ಮಹಾದೇವಿ, ಮೇಡಂ ಅವರ ಶಿಷ್ಯೆ. ಪೀಣ್ಯದವರು ತರುವ ತೊಡಕುಗಳನ್ನು ಅವರು ಬಿಡಿಸುವುದನ್ನು ಮೊದಲೂ ಕಂಡಿದ್ದೆ.

ಹನುಮವ್ವನ ಗಂಡ ಮರೆಪ್ಪ ಪೀಣ್ಯದ ಕಾರ್ಖಾನೆಯೊಂದರಲ್ಲಿ ಲೋಡರ್. ಹಿಂದಿನ ದಿನ ಮಧ್ಯಾಹ್ನ ಅಲ್ಲಿನ ಪೇಂಟ್ ಸ್ಟೋರಿಗೆ ಬೆಂಕಿ ಬಿದ್ದು, ರಾಣಿ ಎಂಬ ಕೆಲಸಗಾರ್ತಿಯ ಕೈ ಸುಟ್ಟಿತ್ತು. ಸಂಜೆ ಯಾವುದೋ ನಂಬರಿನಿಂದ ಎಲ್ಲರ ಮೊಬೈಲಿಗೂ ಮರೆಪ್ಪ ಆ ಸ್ಟೋರಿನ ಬಾಗಿಲಲ್ಲಿ ಬೀಡಿ ಹಚ್ಚಿ ನಿಂತ ಫೋಟೋ ಬಂದಿತ್ತು. ಮಾಲೀಕ ಸಿದ್ದಲಿಂಗಯ್ಯ ಅವನನ್ನು ಕೆಲಸದಿಂದ ತೆಗೆದು, ಪೊಲೀಸರಿಗೆ ದೂರು ಕೊಡಲು ಹೊರಟಿದ್ದರು.

"ಏನ್ ಕಾಣ್ತಿದೆ, ಮಹಾದೇವಿ?"

"ಬಿಸಿಲು ಸರಿಯಾಗಿದೆ ಮೇಡಂ. ಬಾಗಿಲ ನೆರಳು, ಇವರ ನೆರಳು ಎರಡೂ ಒಂದೇ ಕಡೆ."

"ಅಂಗಿ ನೋಡು."

ಎಡಕ್ಕಿರಬೇಕಾದ ಕಿಸೆ ಬಲಗಡೆ ಇತ್ತು! ಚಿತ್ರದ ಅಂಚಿನಲ್ಲಿ ಮಸುಕಾದ ಕಪ್ಪು ಪಟ್ಟಿಯೊಂದು ಉದ್ದಕ್ಕೂ ಇಳಿದಿತ್ತು. ಬಾಗಿಲು ಎತ್ತರದಿಂದ ಕಂಡಂತಿತ್ತು. ಮೇಡಂ ಹನುಮವ್ವನ ಮೊಬೈಲಿನ ಹಳೆಯ ಫೋಟೋಗಳನ್ನೆಲ್ಲ ನೋಡಿ, ಒಂದನ್ನು ತಮ್ಮ ಲ್ಯಾಪ್‌ಟಾಪಿಗೆ ಹಾಕಿಕೊಂಡರು. ಆಯುಧಪೂಜೆಯ ದಿನ ಮರೆಪ್ಪ ಊದುಬತ್ತಿ ಹಿಡಿದು ನಿಂತ ಚಿತ್ರ ಅದು.

ಸ್ವಲ್ಪ ಹೊತ್ತಿನಲ್ಲೇ ಕಾರ್ಖಾನೆಗೆ ಹೋದೆವು. ಸುಟ್ಟ ಬಾಗಿಲ ಬಳಿ ಮೇಡಂ ಬಗ್ಗಿ ಸಾಸಿವೆಯಂಥ ಕಬ್ಬಿಣದ ಮಣಿಗಳನ್ನು ಆರಿಸಿಕೊಂಡರು. ಮೇಲೆ ಮೂರು ಕಿಟಕಿಗಳಿದ್ದವು: ಮಾಲೀಕರದು, ಸ್ಟೋರ್‌ಕೀಪರ್ ಈಶಪ್ಪನದು, ಸೂಪರ್‌ವೈಸರ್ ಹರ್ಷವರ್ಧನನದು. ಸರಳುಗಳಿದ್ದದ್ದು ಕೊನೆಯದಕ್ಕೆ ಮಾತ್ರ.

ಮಾಲೀಕರ ಕೋಣೆಯಲ್ಲಿ ಎಲ್ಲರೂ ಸೇರಿದರು. ಮರೆಪ್ಪ ತಲೆ ತಗ್ಗಿಸಿ ಮೂಲೆಯಲ್ಲಿ ನಿಂತಿದ್ದ.

"ಇವರನ್ನ ಬೇರೆ ಯಾವುದೋ ಫೋಟೋದಿಂದ ಕತ್ತರಿಸಿ ಅಂಟಿಸಿದ್ದಾರೆ," ಎಂದರು ಮೇಡಂ, ಹರ್ಷವರ್ಧನನನ್ನು ನೋಡುತ್ತ.

ಅವನು ಸಿಡುಕಿದ. "ಆ ಪೂಜೆ ಫೋಟೋ ಎಲ್ಲರ ಹತ್ರನೂ ಇದೆ ಮೇಡಂ. ನನ್ನನ್ನೇ ಯಾಕೆ ನೋಡ್ತೀರ?"

"ಪೂಜೆ ಫೋಟೋ ಅಂತ ನಾನು ಹೇಳೇ ಇಲ್ವಲ್ಲ!"

ಮೇಡಂ ಲ್ಯಾಪ್‌ಟಾಪ್ ತಿರುಗಿಸಿದರು. "ಪೂಜೆ ದಿನದ ಬಿಸಿಲು ಎಡದಿಂದ, ಬಾಗಿಲಿಗೆ ಬಲದಿಂದ. ಅದಕ್ಕೇ ಮರೆಪ್ಪನ್ನ ಕನ್ನಡಿಯ ಹಾಗೆ ಮಗುಚಿದ್ರಿ. ಬಿಸಿಲು ಹೊಂದಿತು, ಕಿಸೆ ಬಲಕ್ಕೆ ಹೋಯ್ತು. ಈಗ ಪೂಜೆ ಫೋಟೋನ ನಾನೂ ಮಗುಚಿ, ಇದರ ಮೇಲೆ ಸರಿಯಾಗಿ ಕೂರಿಸ್ತೀನಿ. 'ಡಿಫರೆನ್ಸ್' ಒತ್ತಿದ್ರೆ ಎರಡರಲ್ಲೂ ಒಂದೇ ಥರ ಇರೋದೆಲ್ಲ ಕಪ್ಪಾಗುತ್ತೆ."

ಮರೆಪ್ಪನ ಮುಖ, ಅಂಗಿ, ಕಾಲು ಒಟ್ಟಿಗೆ ಕಪ್ಪಾದವು. ಅವನ ಮೈಮೇಲೆ ಬೆಳಗಿ ಉಳಿದದ್ದು ಬೀಡಿ ಮತ್ತು ಅದರ ಹೊಗೆ ಮಾತ್ರ.

"ಅಂಚಿನ ಪಟ್ಟಿ ನಿಮ್ಮ ಕಿಟಕಿಯ ಸರಳು. ಈ ಮಣಿಗಳು ವೆಲ್ಡಿಂಗ್ ಕಿಡಿಯವು. ಅಲ್ಲಿ ವೆಲ್ಡಿಂಗ್ ಮಾಡಿಸಿದ್ಯಾರು?"

ಹರ್ಷವರ್ಧನ ಮಾಲೀಕರ ಕಡೆ ತಿರುಗಿದ. "ಬೇಗ ಹೊತ್ಕೊಳ್ಳೋ ತಿನ್ನರ್ ಡ್ರಮ್ ತೆಗೆಸದೆ ಮಾಡಿಸ್ಬಿಟ್ಟೆ ಸಾರ್. ಕೆಲಸ ಹೋಗುತ್ತೆ ಅಂತ ಹೆದರಿ... ಕಿಟಕಿಯಿಂದ ತೆಗೆದ ಬಾಗಿಲಿನ ಹಳೇ ಫೋಟೋ ಒಂದಿತ್ತು, ಅದಕ್ಕೇ ಇವನನ್ನ ಅಂಟಿಸಿದೆ."

ಸಿದ್ದಲಿಂಗಯ್ಯ ಮರೆಪ್ಪನ ಕಡೆ ತಿರುಗಿದರು. "ನಾಳೆಯಿಂದ ಕೆಲಸಕ್ಕೆ ಬಾಪ್ಪ."

"ಅಷ್ಟ ಸಾಲಂಗಿಲ್ರೀ," ಎಂದಳು ಹನುಮವ್ವ. "ಬೀಡಿ ಫೋಟೋ ಎಲ್ಲಾರೂ ನೋಡ್ಯಾರ. ಇದನ್ನೂ ಎಲ್ಲಾರೂ ನೋಡ್ಲಿ."

ಊಟದ ಗಂಟೆ ಹೊಡೆದಾಗ ಮಾಲೀಕರೇ ಲ್ಯಾಪ್‌ಟಾಪ್ ಹಿಡಿದು ಕೆಲಸಗಾರರೆದುರು ನಿಂತು, ತಪ್ಪಾಯಿತೆಂದರು. ಮರೆಪ್ಪ ತಲೆ ಎತ್ತಿದ. ಹನುಮವ್ವ ಮಾತ್ರ ಅವನನ್ನೂ ನೋಡದೆ ತೆರೆಯನ್ನೇ ದಿಟ್ಟಿಸುತ್ತಿದ್ದಳು.

"ಅಕ್ಕಾರ," ಎಂದಳು ಮೇಡಂಗೆ, "ಇದನ್ನ ಕಲಿಯಾಕ ಎಷ್ಟು ದಿನ ಹಿಡೀತೈತ್ರಿ?"